ಸಾವಿರ ಪುಟ್ಟ ರೋಬೋಟ್‌ಗಳು

ಮಕ್ಕಳೇ, ಇರುವೆಗಳ ಸಾಲನ್ನು ನೀವು ನೋಡಿದ್ದೀರಲ್ಲವೇ? ಸತ್ತ ಜಿರಳೆಯೊಂದನ್ನು ಹತ್ತಾರು ಇರುವೆಗಳು ಸೇರಿ ಎಳೆದೊಯ್ಯುತ್ತವೆ. 'ಹೀಗೆ ಎಳೆಯಿರಿ' ಎಂದು ಹೇಳುವ ಮೇಸ್ತ್ರಿ ಅವುಗಳಿಗಿಲ್ಲ. ಯಂತ್ರಗಳಿಗೂ ಹೀಗೆ ಕೂಡಿ ದುಡಿಯಲು ಕಲಿಸಬಹುದೇ?

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2014ರಲ್ಲಿ ಇದನ್ನು ಮಾಡಿ ತೋರಿಸಿದರು. ಅವರಲ್ಲಿ ಒಬ್ಬರಾದ ರಾಧಿಕಾ ನಾಗಪಾಲ್ ನಮ್ಮ ದೇಶದ ಅಮೃತಸರದಲ್ಲಿ ಬೆಳೆದವರು. ಅವರ ತಂಡವು 1,024 ಪುಟ್ಟ ರೋಬೋಟ್‌ಗಳನ್ನು ಒಟ್ಟಿಗೆ ಕೆಲಸಕ್ಕೆ ಹಚ್ಚಿತು. ಇವುಗಳ ಹೆಸರು 'ಕಿಲೋಬಾಟ್'.

ಒಂದೊಂದು ಕಿಲೋಬಾಟ್‌ನ ಅಗಲ ಸುಮಾರು 3 ಸೆಂಟಿಮೀಟರ್. ಅದಕ್ಕೆ ಚಕ್ರಗಳಿಲ್ಲ, ಕಡ್ಡಿಯಂತಹ ಮೂರು ಕಾಲುಗಳಿವೆ. ಒಳಗಿನ ಪುಟ್ಟ ಮೋಟಾರುಗಳು ನಡುಗಿದಾಗ ಅದು ಮೆಲ್ಲಗೆ ಸರಿಯುತ್ತದೆ. ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕಿನ ಮೂಲಕ ಅದು ಹತ್ತಿರದ ಕಿಲೋಬಾಟ್‌ಗಳೊಂದಿಗೆ ಮಾತ್ರ 'ಮಾತನಾಡುತ್ತದೆ'. ಇಡೀ ಗುಂಪು ಅದಕ್ಕೆ ಕಾಣುವುದಿಲ್ಲ.

ಹಾಗಾದರೆ ಮನುಷ್ಯರ ಕೆಲಸವೇನು? ವಿಜ್ಞಾನಿಗಳು ನಾಲ್ಕು ರೋಬೋಟ್‌ಗಳನ್ನು ಒಂದೆಡೆ ಇಟ್ಟು, 'ಇಲ್ಲಿಂದ ಆರಂಭಿಸಿ' ಎಂಬ ಗುರುತು ಮಾಡಿದರು. ಉಳಿದವುಗಳಿಗೆಲ್ಲ ಒಂದೇ ಚಿತ್ರವನ್ನೂ ಒಂದೇ ಬಗೆಯ ಸರಳ ನಿಯಮಗಳನ್ನೂ ಕೊಟ್ಟರು. 'ಗುಂಪಿನ ಅಂಚು ಹಿಡಿದು ನಡೆ. ನೆರೆಯವರಿಂದ ದೂರ ಎಷ್ಟೆಂದು ಅಳೆದು ನಿನ್ನ ಜಾಗ ತಿಳಿದುಕೋ. ಚಿತ್ರದೊಳಗೆ ಬಂದು ಸರಿಯಾದ ಜಾಗದಲ್ಲಿ ನಿಲ್ಲು.' ಇಷ್ಟೇ ಅವುಗಳ ಪಾಠ.

ಬಳಿಕ ಯಾರೂ ಅವುಗಳನ್ನು ಕೈಹಿಡಿದು ನಡೆಸಲಿಲ್ಲ. ಕೆಲವು ನಿಧಾನವಾದವು, ಹಿಂದಿನವುಗಳಿಗೆ ದಾರಿ ಕಟ್ಟಿತು. ಆದರೂ ಕೆಲಸ ನಿಲ್ಲಲಿಲ್ಲ. ಸುಮಾರು 12 ಗಂಟೆಗಳಲ್ಲಿ ಮೇಜಿನ ಮೇಲೆ ನಕ್ಷತ್ರದ ಆಕಾರ ಮೂಡಿತು!

ನೀವೂ ಇದನ್ನು ಆಡಿ ನೋಡಿ. ಗುರುಗಳು ಮೈದಾನದ ನಡುವೆ ನಿಲ್ಲಲಿ. ಪ್ರತಿಯೊಬ್ಬರೂ ಅವರಿಂದ ಐದು ಹೆಜ್ಜೆ ದೂರ ಹೋಗಿ, ಎರಡೂ ಪಕ್ಕದ ಗೆಳೆಯರಿಂದ ಸಮ ದೂರದಲ್ಲಿ ನಿಲ್ಲಿ. ಯಾರೂ ನೆಲದಲ್ಲಿ ಗೆರೆ ಎಳೆಯದಿದ್ದರೂ ವೃತ್ತವೊಂದು ಮೂಡುತ್ತದೆ.

ಈಗ ಯೋಚಿಸಿ. 'ಐದು ಹೆಜ್ಜೆ' ಎನ್ನುವ ಬದಲು ಗುರುಗಳು ಬಾಯಿತಪ್ಪಿ 'ಐವತ್ತು ಹೆಜ್ಜೆ' ಎಂದಿದ್ದರೆ? ನೀವು 'ಇದೇಕೆ ಸಾರ್?' ಎಂದು ಕೇಳುತ್ತಿದ್ದಿರಿ. ಕಿಲೋಬಾಟ್ ಕೇಳುವುದಿಲ್ಲ. ನಿಯಮ ತಪ್ಪಾದರೆ ಸಾವಿರವೂ ಒಟ್ಟಾಗಿ ತಪ್ಪು ಮಾಡುತ್ತವೆ. ಏನು ಮಾಡಬೇಕು, ಏಕೆ ಮಾಡಬೇಕು ಎಂದು ಯೋಚಿಸಬೇಕಾದವರು ಮನುಷ್ಯರೇ. ಯಂತ್ರಗಳು ಎಷ್ಟೇ ಹೆಚ್ಚಿದರೂ ಆ ಹೊಣೆ ನಮ್ಮದೇ.