ಆರು ಧ್ವನಿ, ಎರಡು ಕೈ

ಶ್ರವಣದೋಷವಿರುವ ಮಕ್ಕಳ ತರಗತಿಯಲ್ಲಿ ಬೆಳಗಿನ ಹಾಜರಿಯ ಜೊತೆಗೇ ಒಂದು ಸಣ್ಣ ಪರೀಕ್ಷೆ ನಡೆಯಬೇಕು. ಶಿಕ್ಷಕಿ ಮಗುವಿನ ಹಿಂದೆ ನಿಂತು, ಇಲ್ಲವೇ ತೆಳು ಬಟ್ಟೆ ಬಿಗಿದ ಚೌಕಟ್ಟನ್ನು ಬಾಯಿಗೆ ಅಡ್ಡ ಹಿಡಿದು, ಆ, ಊ, ಈ, ಶ್, ಸ್, ಮ್ ಎಂಬ ಆರು ಧ್ವನಿಗಳನ್ನು ಕ್ರಮ ತಪ್ಪಿಸಿ, ನಡುನಡುವೆ ತಡೆದು ಉಚ್ಚರಿಸುತ್ತಾರೆ. ಕೇಳಿಸಿದಾಗಲೆಲ್ಲ ಮಗು ಕೈಯಲ್ಲಿರುವ ಮಣಿಯನ್ನು ಡಬ್ಬಿಗೆ ಹಾಕುತ್ತದೆ. ತುಸು ದೊಡ್ಡದಾದರೆ ಅದೇ ಧ್ವನಿಯನ್ನು ತಿರುಗಿ ಹೇಳುತ್ತದೆ. ಡೇನಿಯಲ್ ಲಿಂಗ್ ಅವರ ಹೆಸರಿನಲ್ಲಿರುವ ಈ ಪರೀಕ್ಷೆಗೆ ಯಂತ್ರ ಬೇಕಿಲ್ಲ. 'ಮ್' ತಗ್ಗಿನ ಧ್ವನಿ, 'ಸ್' ಬಹಳ ಏರಿನದು. ಮಾತಿನ ಧ್ವನಿಗಳೆಲ್ಲ ಹೆಚ್ಚುಕಡಿಮೆ ಇವೆರಡರ ನಡುವೆ ಬರುತ್ತವೆ. ನಿನ್ನೆ ಕೇಳಿಸಿದ್ದ 'ಸ್' ಇಂದು ಕೇಳಿಸದಿದ್ದರೆ ಶ್ರವಣಸಾಧನದ ಬ್ಯಾಟರಿ ಇಳಿದಿರಬಹುದು, ಇಯರ್‌ಮೋಲ್ಡಿನಲ್ಲಿ ಗುಗ್ಗೆ ಕಟ್ಟಿರಬಹುದು, ಕಿವಿ ಸೋರುತ್ತಿರಬಹುದು. ಅದನ್ನು ಗಮನಿಸದೆ ದಿನವಿಡೀ ಪಾಠ ಮಾಡಿದರೂ ಮಗುವಿಗೆ ದಕ್ಕುವುದು ಚೂರುಪಾರು. ಬಾಯಿ ಮರೆಮಾಡುವುದೇಕೆಂದರೆ, ತುಟಿ ಕಂಡರೆ ಮಗು ಊಹಿಸಿಬಿಡುತ್ತದೆ. ಆ ಊಹೆಯನ್ನು ನಂಬುವಂತಿಲ್ಲ: ಮರ, ಬರ, ಪರ ಈ ಮೂರಕ್ಕೂ ತುಟಿ ಆಡುವ ರೀತಿ ಒಂದೇ.

ಸಾಮಾನ್ಯ ಬಿ.ಎಡ್. ಓದಿದವರಿಗೆ ಇದು ಬರುವುದಿಲ್ಲ. ಇದನ್ನು ಕಲಿಸಲೆಂದೇ ವಿಶೇಷ ಶಿಕ್ಷಣದ ಡಿ.ಎಡ್., ಬಿ.ಎಡ್. ಕೋರ್ಸುಗಳಿವೆ, 1992ರ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತು ಅವಕ್ಕೆ ಮಾನ್ಯತೆ ಕೊಡುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ವಿಶೇಷ ಶಿಕ್ಷಕರನ್ನು ಸಿದ್ಧಪಡಿಸುತ್ತದೆ. ಅಲ್ಲಿನ ಶಿಶುವಿಹಾರದಲ್ಲಿ ಮಕ್ಕಳ ಜೊತೆ ತಾಯಂದಿರೂ ಕಲಿಯುತ್ತಾರೆ. ಈ ಪದ್ಧತಿಯ ಬೆಲೆ ದೊಡ್ಡದು, ಏಕೆಂದರೆ ಕಿವುಡ ಮಕ್ಕಳಲ್ಲಿ ಬಹುಪಾಲಿನವರ ತಂದೆತಾಯಿಗೆ ಕಿವಿ ಕೇಳಿಸುತ್ತದೆ. ಮಗುವಿನೊಂದಿಗೆ ಹೇಗೆ ಮಾತಾಡಬೇಕೆಂದು ಅವರಿಗೆ ಮನೆಯಲ್ಲಿ ಹೇಳಿಕೊಡುವವರಿಲ್ಲ.

ಆದರೂ ನಮ್ಮ ತರಬೇತಿಯಲ್ಲಿ ಕಿವಿಗೆ ಸಿಕ್ಕಷ್ಟು ಜಾಗ ಕೈಗೆ ಸಿಕ್ಕಿಲ್ಲ. ಇದರ ಬೇರು 1880ರ ಮಿಲಾನ್ ಸಮ್ಮೇಳನದಲ್ಲಿದೆ: ಶಾಲೆಯಲ್ಲಿ ಸಂಜ್ಞೆ ಬೇಡ, ಬಾಯಿಮಾತೇ ಸಾಕು ಎಂದು ಅಲ್ಲಿ ನಿರ್ಣಯವಾಯಿತು. ಕಾಕ್ಲಿಯರ್ ಇಂಪ್ಲಾಂಟ್ ಬಂದಮೇಲೂ ಸಂಜ್ಞೆ ಏಕೆ ಎಂದು ಕೇಳುವವರಿದ್ದಾರೆ. ಇಂಪ್ಲಾಂಟಿನಿಂದ ಎಷ್ಟೋ ಮಕ್ಕಳು ಚೆನ್ನಾಗಿ ಮಾತು ಕಲಿತಿದ್ದಾರೆ, ನಿಜ. ಆದರೆ ಎಲ್ಲರಿಗೂ ಅದು ಸಕಾಲದಲ್ಲಿ ಸಿಗುವುದಿಲ್ಲ, ಸಿಕ್ಕಿದರೂ ಫಲ ಒಂದೇ ಸಮ ಇರುವುದಿಲ್ಲ, ರಾತ್ರಿ ಹೊರಗಿನ ಸಾಧನ ತೆಗೆದಿಟ್ಟರೆ ಮಗುವಿಗೆ ಮತ್ತೆ ನಿಶ್ಶಬ್ದ. ಸಂಜ್ಞೆ ಕಲಿತರೆ ಮಾತು ಹಿಂದೆ ಬೀಳುತ್ತದೆ ಎಂಬುದು ಇನ್ನೊಂದು ಅಂಜಿಕೆ. ಮಗುವಿಗೆ ಎಳವೆಯಲ್ಲೇ ಬೇಕಾದದ್ದು ಪೂರ್ತಿ ಅರ್ಥವಾಗುವ ಒಂದು ಭಾಷೆ. ಕಿವುಡ ತಂದೆತಾಯಿಯ ಮನೆಯಲ್ಲಿ ಸಂಜ್ಞೆಯೊಂದಿಗೇ ಬೆಳೆದ ಕಿವುಡ ಮಕ್ಕಳು ಓದುಬರಹದಲ್ಲಿ ಎಷ್ಟೋ ಸಲ ಉಳಿದ ಕಿವುಡ ಮಕ್ಕಳಿಗಿಂತ ಮುಂದಿರುವುದು ಅಧ್ಯಯನಗಳಲ್ಲಿ ಕಂಡಿದೆ. ಮನೆಯವರಿಗೇ ಸಂಜ್ಞೆ ಬಾರದಿದ್ದರೆ ಏನು ಪ್ರಯೋಜನ ಎಂಬ ಪ್ರಶ್ನೆಗೆ ಮೈಸೂರಿನ ಶಿಶುವಿಹಾರದ ಮಾದರಿಯಲ್ಲೇ ಉತ್ತರವಿದೆ: ತಾಯಂದಿರಿಗೂ ಕಲಿಸಬೇಕು.

ಭಾರತೀಯ ಸಂಜ್ಞಾಭಾಷೆಗೆ 2015ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಕೇಂದ್ರ ಬಂತು. ದೇಶದಾದ್ಯಂತ ಅದನ್ನು ಏಕರೂಪಗೊಳಿಸಬೇಕೆಂದು 2020ರ ಶಿಕ್ಷಣ ನೀತಿ ಹೇಳಿದೆ. ಸಂಜ್ಞಾಭಾಷೆ ಬೋಧನೆಯಲ್ಲಿ ಡಿಪ್ಲೊಮಾ ಪಡೆದ ಕಿವುಡರು ಈಗ ನಮ್ಮ ನಡುವೆಯೇ ಇದ್ದಾರೆ. ಶಿಕ್ಷಕರ ತರಬೇತಿ ಕಾಲೇಜುಗಳು ಅವರನ್ನು ವರ್ಷಕ್ಕೊಮ್ಮೆ ಅತಿಥಿಗಳಾಗಿ ಕರೆದು ಹಾರ ಹಾಕಿ ಕಳಿಸದೆ, ಕಾಯಂ ಬೋಧಕರಾಗಿ ನೇಮಿಸಿಕೊಳ್ಳಲಿ.