ಓಆರ್‌ಎಸ್‌ನಲ್ಲೂ ಸಕ್ಕರೆಯೇ ಇದೆಯಲ್ಲ?

2025ರ ಅಕ್ಟೋಬರ್‌ನಲ್ಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಒಂದು ಆದೇಶ ಹೊರಡಿಸಿತು. ಬೇಧಿಯಲ್ಲಿ ಕಳೆದ ನೀರು-ಉಪ್ಪನ್ನು ತುಂಬುವ ಓಆರ್‌ಎಸ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಮಾಡಿದ ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ ಇನ್ನು ಮುಂದೆ ‘ಓಆರ್‌ಎಸ್’ ಎಂಬ ಅಕ್ಷರಗಳು ಎಲ್ಲಿಯೂ ಇರಕೂಡದು, ಹಿಂದೆ ಮುಂದೆ ಬೇರೇನನ್ನು ಸೇರಿಸಿಕೊಂಡರೂ ಕೂಡದು ಎಂಬುದು ಅದರ ತಾತ್ಪರ್ಯ. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದರು. 2022ರಲ್ಲೇ ಒಮ್ಮೆ ನಿಷೇಧ ಬಂದಿತ್ತು. ಕೆಲವೇ ತಿಂಗಳಲ್ಲಿ ‘ಇದು ಓಆರ್‌ಎಸ್ ಅಲ್ಲ’ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿದರೆ ಸಾಕು ಎಂಬ ರಿಯಾಯಿತಿಯೂ ಬಂತು. ವಾಂತಿ ಮಾಡುತ್ತಿರುವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಸ್ ನಿಲ್ದಾಣದ ಅಂಗಡಿಯೆದುರು ನಿಂತವರು ಆ ಇರುವೆ ಅಕ್ಷರ ಓದಿ ನಿರ್ಧಾರ ಮಾಡುತ್ತಾರೆಂದು ಯಾರು ನಂಬಿದರೋ ಗೊತ್ತಿಲ್ಲ.

ಆ ಸುದ್ದಿ ಓದಿದವರೊಬ್ಬರು ನ್ಯಾಯವಾದ ಪ್ರಶ್ನೆ ಕೇಳಿದ್ದಾರೆ. ಮೆಡಿಕಲ್ ಶಾಪಿನ ಪುಡಿಯಲ್ಲೂ ಗ್ಲೂಕೋಸ್ ಇದೆ, ಡಬ್ಬಿಯ ಪಾನೀಯದಲ್ಲೂ ಸಕ್ಕರೆ ಇದೆ. ಅದು ಔಷಧ, ಇದು ಅಪಾಯ ಹೇಗಾಯಿತು?

ಉತ್ತರವಿರುವುದು ಸಣ್ಣಕರುಳಿನ ಗೋಡೆಯಲ್ಲಿ. ಅಲ್ಲಿಯ ಜೀವಕೋಶಗಳ ಮೇಲೆ ಎಸ್‌ಜಿಎಲ್‌ಟಿ-1 ಎಂಬ ಪ್ರೋಟೀನಿನ ಬಾಗಿಲುಗಳಿವೆ. ಅವು ನಡೆಯುವ ರೀತಿ ನಮ್ಮ ಗೃಹಪ್ರವೇಶದಂತೆ. ಹೊಸ್ತಿಲನ್ನು ದಂಪತಿ ಜೊತೆಯಾಗಿ ದಾಟಬೇಕು; ಯಜಮಾನನೊಬ್ಬನೇ ನುಗ್ಗಿದರೆ ಪುರೋಹಿತರು ಬಿಡುವುದಿಲ್ಲ. ಸೋಡಿಯಂ, ಅಂದರೆ ಉಪ್ಪಿನ ಅಂಶ, ಒಂಟಿಯಾಗಿ ಬಂದರೆ ಈ ಬಾಗಿಲು ತೆರೆಯದು; ಗ್ಲೂಕೋಸ್ ಒಂಟಿಯಾಗಿ ಬಂದರೂ ತೆರೆಯದು. ಎರಡೂ ಕೂಡಿ ಬಂದರೆ ಒಳಗೆ. (ಒಂದು ಗ್ಲೂಕೋಸಿಗೆ ಎರಡು ಸೋಡಿಯಂ ಎಂಬುದು ಇಲ್ಲಿಯ ಲೆಕ್ಕ. ಹೋಲಿಕೆಗೆ ಮುಜುಗರ, ಆದರೆ ವಾಸ್ತವ.) ದಂಪತಿ ಒಳಗೆ ಕಾಲಿಟ್ಟ ಮೇಲೆ ನೆಂಟರಿಷ್ಟರನ್ನು ಯಾರೂ ಕರೆಯಬೇಕಿಲ್ಲ, ಹಿಂದೆಯೇ ಬರುತ್ತಾರೆ. ಆ ನೆಂಟರೇ ನೀರು. ಕಾಲರಾದಂಥ ಭೀಕರ ಬೇಧಿಯಲ್ಲಿ ಕರುಳು ನೀರನ್ನು ಹೊರಗೆ ಸುರಿಯುತ್ತಿರುವಾಗಲೂ, ಉಪ್ಪನ್ನು ಒಳಗೆಳೆಯುವ ಇತರ ದಾರಿಗಳು ಕಟ್ಟಿದಾಗಲೂ ಈ ಬಾಗಿಲು ಮಾತ್ರ ಕೆಲಸ ನಿಲ್ಲಿಸುವುದಿಲ್ಲ.

ಈಗ ಸಕ್ಕರೆ ಹತ್ತು ಪಾಲು, ಉಪ್ಪು ಹೆಸರಿಗಷ್ಟೇ ಇರುವ ಪಾನೀಯ ಬಂತೆನ್ನಿ. ಜೋಡಿ ಸಿಗದ ಸಕ್ಕರೆ ಅಂಗಳದಲ್ಲೇ ಗುಂಪುಗೂಡುತ್ತದೆ. ಮನೆಯೊಳಗಿದ್ದ ನೆಂಟರೂ ಗದ್ದಲ ಎಲ್ಲಿದೆಯೋ ಅಲ್ಲಿಗೇ ಹೊರಡುತ್ತಾರೆ. ಅಂದರೆ ಮೈಯೊಳಗಿನ ನೀರು ಕರುಳಿಗಿಳಿದು ಬೇಧಿ ಇನ್ನಷ್ಟು ಜೋರಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಪರಿಷ್ಕರಿಸಿದ ಸೂತ್ರದಂತೆ ಒಂದು ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ, ಅಡುಗೆ ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ. ಅಣುಗಳ ಲೆಕ್ಕದಲ್ಲಿ ಗ್ಲೂಕೋಸೂ ಸೋಡಿಯಮ್ಮೂ ಸಮಸಮ, ತಲಾ 75 ಮಿಲಿಮೋಲ್. ಕೋಲಾ ಬಾಟಲಿಯಲ್ಲಿ ಲೀಟರಿಗೆ ನೂರು ಗ್ರಾಂ ದಾಟಿದ ಸಕ್ಕರೆಯಿರುತ್ತದೆ.

ಕರುಳಿನಲ್ಲಿ ಇಂಥದೊಂದು ಜೋಡಿ ಬಾಗಿಲಿದೆ ಎಂದು 1960ರಲ್ಲಿ ಪ್ರಾಗ್‌ನ ವಿಜ್ಞಾನಿಗಳ ಸಭೆಯಲ್ಲಿ ಮೊದಲು ಹೇಳಿದವನು ಅಮೆರಿಕದ ರಾಬರ್ಟ್ ಕ್ರೇನ್. ಆದರೆ ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ 1953ರಲ್ಲೇ ಉಪ್ಪು-ಗ್ಲೂಕೋಸ್ ನೀರು ಕುಡಿಸಿ ಕಾಲರಾ ರೋಗಿಗಳನ್ನು ಉಳಿಸಿ, ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಬರೆದಿದ್ದರು. ಯಾಕೆ ಕೆಲಸ ಮಾಡಿತು ಎಂಬ ವಿವರಣೆ ಇರಲಿಲ್ಲ. ಪಶ್ಚಿಮದ ವೈದ್ಯರು ಕಣ್ಣೆತ್ತಿಯೂ ನೋಡಲಿಲ್ಲ. ಢಾಕಾದಲ್ಲಿ ಡೇವಿಡ್ ನ್ಯಾಲಿನ್, ರಿಚರ್ಡ್ ಕ್ಯಾಶ್ ಎಂಬ ತರುಣ ವೈದ್ಯರು 1968ರಲ್ಲಿ ಪದ್ಧತಿಪ್ರಕಾರ ತೋರಿಸಿಕೊಟ್ಟ ಮೇಲೂ, ಆಸ್ಪತ್ರೆಯ ಹೊರಗೆ ಇದು ನಡೆಯದು ಎಂಬ ಅನುಮಾನ ಉಳಿದೇ ಇತ್ತು.

ಆ ಅನುಮಾನವನ್ನು ಕಿತ್ತೆಸೆದವರು ವೈದ್ಯ ದಿಲೀಪ್ ಮಹಲನಬಿಸ್. 1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ಗಡಿ ದಾಟಿ ಬಂದ ನಿರಾಶ್ರಿತರಿಂದ ಪಶ್ಚಿಮ ಬಂಗಾಳದ ಬನಗಾಂವ್ ಆಸ್ಪತ್ರೆ ತುಂಬಿ ತುಳುಕುತ್ತಿತ್ತು. ಹಾಸಿಗೆ ಸಾಲದೆ ರೋಗಿಗಳು ನೆಲದ ಮೇಲೆ ಮಲಗಿದ್ದರು, ನೆಲದ ತುಂಬ ವಾಂತಿ, ಮಲ. ಡ್ರಿಪ್ ಹಾಕಬೇಕೆಂದರೆ ಅದರಲ್ಲೇ ಮಂಡಿಯೂರಬೇಕು. ಡ್ರಿಪ್ ದಾಸ್ತಾನೂ ಮುಗಿಯುತ್ತ ಬಂತು. ಮಹಲನಬಿಸ್ ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಎಂದು ಪೊಟ್ಟಣ ಕಟ್ಟಿಸಿ, ಡ್ರಮ್ಮುಗಳಲ್ಲಿ ಕಲಸಿಟ್ಟರು. ಬಗ್ಗಿಸಿಕೊಂಡು ಕುಡಿಸಿದ್ದು ದಾದಿಯರಲ್ಲ, ರೋಗಿಗಳ ತಾಯಿ, ಅಕ್ಕ, ಗಂಡ. ಲೀಟರಿಗೆ ಬಿದ್ದ ಖರ್ಚು 11 ಪೈಸೆ. ನಿರಾಶ್ರಿತರ ಶಿಬಿರದಲ್ಲಿ ಮೊದಲು ಶೇ 30ರಷ್ಟಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿದ್ದವರಲ್ಲಿ ಶೇ 3.6ಕ್ಕೆ ಇಳಿಯಿತು. ಈ ಶತಮಾನದ ಅತ್ಯಂತ ಮಹತ್ವದ ವೈದ್ಯಕೀಯ ಮುನ್ನಡೆ ಇದೇ ಆಗಬಹುದು ಎಂದು ‘ಲ್ಯಾನ್ಸೆಟ್’ 1978ರಲ್ಲಿ ಬರೆಯಿತು. ನಮ್ಮ ಸರ್ಕಾರ ಅವರಿಗೆ ಪದ್ಮವಿಭೂಷಣ ಘೋಷಿಸಿದ್ದು 2023ರಲ್ಲಿ, ಅವರು ತೀರಿಕೊಂಡ ಮೇಲೆ.

11 ಪೈಸೆಯ ಆ ಕೆಲಸದ ಹೆಸರನ್ನು ಸಿಹಿ ಪಾನೀಯಕ್ಕೆ ಅಂಟಿಸಿ ಮಾರಿದ್ದು ಬರಿಯ ಜಾಣತನವಲ್ಲ, ಮೋಸ.

ಎಳನೀರು ಆಗದೇ ಎಂದು ಕೇಳುವವರು ಬಹಳ. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಕುಡಿಸಿ, ಆದರೆ ಓಆರ್‌ಎಸ್ ಬದಲಿಗಲ್ಲ. ಉಪ್ಪು ಹಾಕಿದ ಅನ್ನದ ಗಂಜಿಗೆ ಹೆಚ್ಚಿನ ಅಂಕ ಸಲ್ಲಬೇಕು: ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಒಡೆದು ಗ್ಲೂಕೋಸ್ ಆಗುತ್ತದೆ, ಅಂಗಳದಲ್ಲಿ ಗುಂಪುಗೂಡುವುದಿಲ್ಲ. ಅಜ್ಜಿಯರು ಗಂಜಿಯಲ್ಲಿ ಸರಿ. ಬೇಧಿಯಾಗುವಾಗ ಹೊಟ್ಟೆಗೆ ಏನೂ ಕೊಡಬೇಡಿ ಎನ್ನುವುದರಲ್ಲಿ ಪೂರ್ತಿ ತಪ್ಪು. ಎದೆಹಾಲನ್ನಂತೂ ನಿಲ್ಲಿಸಲೇಬಾರದು.

ಮಕ್ಕಳನ್ನು ಕಟ್ಟಿಕೊಂಡು ಪ್ರವಾಸ ಹೊರಡುವಾಗ ಬ್ಯಾಗಿನಲ್ಲಿ ನಾಲ್ಕು ಓಆರ್‌ಎಸ್ ಪೊಟ್ಟಣ ಹಾಕಿಕೊಳ್ಳಿ; ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಪುಕ್ಕಟೆ ಸಿಗುತ್ತದೆ. ಕೊಳ್ಳುವುದಾದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿರುವುದನ್ನೇ ಕೇಳಿ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಚಿಕ್ಕದು 200 ಮಿಲಿಲೀಟರಿಗೆ. ಅಂದಾಜಿನಲ್ಲಿ ಒಂದೊಂದು ಚಮಚ ಪುಡಿ ಲೋಟಕ್ಕೆ ಹಾಕಿದರೆ ಮೇಲಿನ ಲೆಕ್ಕವೆಲ್ಲ ಕೆಟ್ಟಿತು. ಪೊಟ್ಟಣ ಪೂರ್ತಿ ಸುರಿಯಿರಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಬೇಧಿಯ ನಂತರ 50ರಿಂದ 100 ಮಿಲಿಲೀಟರ್, ದೊಡ್ಡ ಮಕ್ಕಳಿಗೆ ಅದರ ಇಮ್ಮಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಒಂದೊಂದೇ ಚಮಚ. ಜೊತೆಗೆ ಜಿಂಕ್ ಮಾತ್ರೆ ಎಷ್ಟು ದಿನ ಎಂದು ವೈದ್ಯರನ್ನು ಕೇಳಿ. ಕಣ್ಣು ಗುಳಿ ಬಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ತಟ್ಟನೆ ಹಿಂದಿರುಗದಿದ್ದರೆ, ಮಗು ಮಂಕಾಗಿ ಕುಡಿಯಲಾರದೆ ಹೋದರೆ, ಮಲದಲ್ಲಿ ರಕ್ತ ಕಂಡರೆ ಚಮಚ ಬದಿಗಿಟ್ಟು ಆಸ್ಪತ್ರೆಗೆ ಓಡಿ. ಕಲಸಿದ ನೀರು 24 ಗಂಟೆ ಕಳೆದರೆ ಚೆಲ್ಲಿ, ಹೊಸದು ಮಾಡಿಕೊಳ್ಳಿ.