ಯಾರ ಮನೆ ಸಿರಿವಂತರ ಮನೆ?

“ಅಜ್ಜಿ, ಅವರ ಮನೇಲಿ ಕಾರಿದೆ. ನಮ್ಮನೇಲಿ ಯಾಕಿಲ್ಲ? ನಾವು ಬಡವರಾ?”

ಶಾಲೆಯಿಂದ ಬಂದ ಮಗು ಚೀಲ ಇಳಿಸುವ ಮೊದಲೇ ಹೀಗೆ ಕೇಳಿದರೆ ದೊಡ್ಡವರಿಗೆ ಇರುಸುಮುರುಸು. “ಅದೆಲ್ಲ ನಿನಗ್ಯಾಕೆ, ಕೈಕಾಲು ತೊಳೆದುಕೋ” ಎಂದು ಮಾತು ಮುಗಿಸುತ್ತೇವೆ. ಆದರೆ ಪ್ರಶ್ನೆ ತಪ್ಪಲ್ಲ. ಅದಕ್ಕೆ ಉತ್ತರ ಹುಡುಕುವ ಒಂದು ಲೆಕ್ಕವೂ ಇದೆ. ಕೂಡುವುದು, ಕಳೆಯುವುದು, ಭಾಗಿಸುವುದು ಬಂದರೆ ಸಾಕು.

ಲೆಕ್ಕದ ಹೆಸರು ನಿವ್ವಳ ಆಸ್ತಿ. ಮನೆ, ಹೊಲ, ತೋಟ, ದನಕರು, ಬಂಗಾರ, ಬ್ಯಾಂಕಿನಲ್ಲಿರುವ ಹಣ – ಇವುಗಳ ಇಂದಿನ ಬೆಲೆಯನ್ನೆಲ್ಲ ಕೂಡಿ. ಕೊಡಬೇಕಾದ ಸಾಲವನ್ನೆಲ್ಲ ಅದರಿಂದ ಕಳೆಯಿರಿ. ಉಳಿದದ್ದೇ ನಿವ್ವಳ ಆಸ್ತಿ.

ನಾಲ್ಕು ಊರು, ನಾಲ್ಕು ಮನೆ

ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ತೆಗೆದುಕೊಳ್ಳೋಣ. 1997ರಲ್ಲಿ ಈ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು; ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಚನ್ನಗಿರಿ ಎಂದರೆ ಅಡಿಕೆ ತೋಟ, ಶಾಂತಿಸಾಗರದ ನೀರು. ಹೊನ್ನಾಳಿಯಲ್ಲಿ ತುಂಗಭದ್ರೆ, ಭತ್ತದ ಗದ್ದೆ. ಜಗಳೂರಿನಲ್ಲಿ ಮಳೆ ನಂಬಿದ ಹೊಲ, ಕುರಿ ಹಿಂಡು. ಒಂದು ಎಕರೆ ಎಂದರೆ ಎಲ್ಲ ಕಡೆಯೂ 40 ಗುಂಟೆಯೇ. ಬೆಲೆ ಮಾತ್ರ ಒಂದೇ ಅಲ್ಲ. ನೀರು ಇದ್ದಲ್ಲಿ ಒಂದು ಲೆಕ್ಕ, ಇಲ್ಲದಲ್ಲಿ ಇನ್ನೊಂದು.

ಲೆಕ್ಕ ಕಲಿಯಲೆಂದು ಊರಿಗೊಂದು ಮನೆ ಕಲ್ಪಿಸಿಕೊಳ್ಳೋಣ. ಮನೆಗಳೂ ಮೊತ್ತಗಳೂ ನಾವೇ ಕಟ್ಟಿಕೊಂಡವು.

ಚನ್ನಗಿರಿಯ ಮನೆ: ಅಡಿಕೆ ತೋಟ 50 ಲಕ್ಷ, ಹೊಸ ಮನೆ 15 ಲಕ್ಷ, ಕಾರು 8 ಲಕ್ಷ, ಬಂಗಾರ 7 ಲಕ್ಷ. ಒಟ್ಟು 80 ಲಕ್ಷ ರೂಪಾಯಿ. ಸಾಲ 52 ಲಕ್ಷ.

ಹೊನ್ನಾಳಿಯ ಮನೆ: ಗದ್ದೆ 30 ಲಕ್ಷ, ಮನೆ 8 ಲಕ್ಷ, ಬಂಗಾರ 2 ಲಕ್ಷ. ಒಟ್ಟು 40 ಲಕ್ಷ. ಸಾಲ 8 ಲಕ್ಷ.

ನ್ಯಾಮತಿಯ ಮನೆ: ಹೊಲವಿಲ್ಲ, ಸಣ್ಣ ಅಂಗಡಿ ಇದೆ. ಮನೆ 12 ಲಕ್ಷ, ಅಂಗಡಿ ಸಾಮಾನು ಮತ್ತು ಉಳಿತಾಯ 9 ಲಕ್ಷ, ಬಂಗಾರ 4 ಲಕ್ಷ. ಒಟ್ಟು 25 ಲಕ್ಷ. ಸಾಲ 3 ಲಕ್ಷ.

ಜಗಳೂರಿನ ಮನೆ: 5 ಎಕರೆ ಹೊಲ 20 ಲಕ್ಷ, ಮನೆ 5 ಲಕ್ಷ, ಕುರಿ 3 ಲಕ್ಷ. ಒಟ್ಟು 28 ಲಕ್ಷ. ಸಾಲ 2 ಲಕ್ಷ.

ಈಗ ಕಳೆಯಿರಿ. ಚನ್ನಗಿರಿ 28, ಹೊನ್ನಾಳಿ 32, ನ್ಯಾಮತಿ 22, ಜಗಳೂರು 26 ಲಕ್ಷ. ಕಾರಿದ್ದ ಮನೆಗಿಂತ ಕಾರಿಲ್ಲದ ಹೊನ್ನಾಳಿಯ ಮನೆಯೇ ಮುಂದೆ! ಹೆಂಚಿನ ಮನೆ, ನಾಲ್ಕು ಕುರಿ ಎಂದುಕೊಂಡಿದ್ದ ಜಗಳೂರಿನವರು ಕಾರಿನವರಿಗಿಂತ ಬರೀ 2 ಲಕ್ಷ ಹಿಂದೆ.

ಕಾರು ಬೀದಿಯಲ್ಲಿ ನಿಲ್ಲುತ್ತದೆ, ಸಾಲ ಕಾಗದದಲ್ಲಿ ಅಡಗಿರುತ್ತದೆ. ದೂರದ ಬೆಟ್ಟ ನುಣ್ಣಗೆ ಎಂದು ಹಿರಿಯರು ಹೇಳಿದ್ದು ಇದಕ್ಕೇ.

ಮರೆತುಹೋಗುವ ಸಾಲಗಳು

ಬೆಳೆಸಾಲ ಎಲ್ಲರಿಗೂ ನೆನಪಿರುತ್ತದೆ. ಪಹಣಿಯ 11ನೇ ಕಾಲಂ ನೋಡಿದರೂ ಸಿಗುತ್ತದೆ. ಆದರೆ ಗೊಬ್ಬರದಂಗಡಿಯ ಬಾಕಿ, ಸಂಘದ ಸಾಲ, ನೆಂಟರ ಕೈಸಾಲ ಪಹಣಿಯಲ್ಲಿ ಇರುವುದಿಲ್ಲ. ಅಡಿಕೆ ಫಸಲನ್ನು ಖೇಣಿಗೆ ಕೊಟ್ಟು ಮುಂಗಡ ಪಡೆದಿದ್ದರೆ, ಕಾಯಿ ಕೊಡುವವರೆಗೂ ಅದು ಋಣವೇ. ಅಡವಿಟ್ಟ ಬಂಗಾರವನ್ನು ಆಸ್ತಿಯಲ್ಲಿ ಬರೆದರೆ, ಅದರ ಮೇಲಿನ ಸಾಲವನ್ನೂ ಎದುರಿಗೆ ಬರೆಯಲೇಬೇಕು.

ಇನ್ನು ಕೊಳವೆಬಾವಿ. ನೀರು ಸಿಕ್ಕರೆ ಹೊಲದ ಬೆಲೆ ಏರುತ್ತದೆ. ಸಿಗದಿದ್ದರೆ ಆಸ್ತಿಯ ಕಡೆ ಸೊನ್ನೆ, ಸಾಲದ ಕಡೆ ಮಾತ್ರ ಅಂಕಿ. ಪಕ್ಕದ ಹೊಲದವರು ಕೊರೆಸಿದರೆಂದು ನಾವೂ ಸಾಲ ಮಾಡಿ ಕೊರೆಸುವ ಮುನ್ನ ಈ ಎರಡು ಸಾಲು ಬರೆದು ನೋಡಬೇಕು. ಬೇರೆಯವರ ಮನೆ ನೋಡಿ ಮಾಡಿದ ಸಾಲವನ್ನು ತೀರಿಸುವವರು ನಮ್ಮ ಮನೆಯವರೇ.

ಸರಾಸರಿಯ ಆಟ

ನಾಲ್ಕು ಮನೆಗಳ ನಿವ್ವಳ ಆಸ್ತಿ ಕೂಡಿದರೆ 108 ಲಕ್ಷ. ನಾಲ್ಕರಿಂದ ಭಾಗಿಸಿದರೆ ಸರಾಸರಿ 27 ಲಕ್ಷ. ಈಗ ಐದನೇ ಮನೆ ಬರಲಿ – 192 ಲಕ್ಷ ನಿವ್ವಳ ಆಸ್ತಿಯ ದೊಡ್ಡ ವ್ಯಾಪಾರಿಯದು. ಒಟ್ಟು 300 ಲಕ್ಷ, ಸರಾಸರಿ 60 ಲಕ್ಷ! ಮೊದಲ ನಾಲ್ಕು ಮನೆಗೆ ಒಂದು ರೂಪಾಯಿ ಹೆಚ್ಚಾಗಿಲ್ಲ. ಆದರೂ ನಾಲ್ಕೂ ಮನೆಗಳು ಈಗ ಸರಾಸರಿಗಿಂತ ಕೆಳಗೆ.

ಅದಕ್ಕೇ ಗಣಿತದ ಮೇಷ್ಟ್ರು ಮಧ್ಯಾಂಕ ಕಲಿಸುತ್ತಾರೆ. ಐದು ಮನೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ: 22, 26, 28, 32, 192. ನಡುವೆ ನಿಂತದ್ದು 28. ಸಾಧಾರಣ ಮನೆ ಹೇಗಿದೆ ಎಂದು ಹೇಳುವುದು ಈ ಅಂಕಿಯೇ.

ನಿಜವಾದ ಲೆಕ್ಕವೂ ಹೀಗೇ ಇದೆ. ಕೇಂದ್ರ ಸರ್ಕಾರ 2019ರಲ್ಲಿ ದೇಶದಾದ್ಯಂತ ಸಾಲ ಮತ್ತು ಆಸ್ತಿಯ ಸಮೀಕ್ಷೆ ಮಾಡಿತು. ಹಳ್ಳಿಯ ಮನೆಯೊಂದರ ಸರಾಸರಿ ಆಸ್ತಿ ಸುಮಾರು 15.92 ಲಕ್ಷ ರೂಪಾಯಿ, ಪಟ್ಟಣದ ಮನೆಯದು 27.17 ಲಕ್ಷ. ಆದರೆ ಹಳ್ಳಿಗಳ ಒಟ್ಟು ಆಸ್ತಿಯಲ್ಲಿ ಅರ್ಧದಷ್ಟು ನೂರಕ್ಕೆ ಹತ್ತು ಸಿರಿವಂತ ಮನೆಗಳ ಕೈಯಲ್ಲಿತ್ತು. ಕೆಳಗಿನ ಐವತ್ತು ಮನೆಗಳಿಗೆ ಸೇರಿ ಸಿಕ್ಕಿದ್ದು ನೂರರಲ್ಲಿ ಹತ್ತು ಪಾಲು. “ನಾವು ಸರಾಸರಿಗಿಂತ ಕಡಿಮೆ” ಎಂದರೆ, ಹೆಚ್ಚಿನ ಮನೆಗಳ ಜೊತೆಯಲ್ಲೇ ಇದ್ದೇವೆ ಎಂದರ್ಥ.

ಸಾಲದ ಸರಾಸರಿಯೂ ಮೋಸ ಮಾಡುತ್ತದೆ. ಹಳ್ಳಿಯ ಮನೆಗೆ ಸರಾಸರಿ ಸಾಲ 59,748 ರೂಪಾಯಿ ಎಂದಿದೆ. ಆದರೆ ಸಾಲ ಇದ್ದದ್ದು ನೂರರಲ್ಲಿ 35 ಮನೆಗಳಿಗೆ ಮಾತ್ರ. ಆ 35 ಮನೆಗಳಿಗಷ್ಟೇ ಹಂಚಿ ನೋಡಿ: ಒಂದೊಂದಕ್ಕೆ ಸುಮಾರು 1.7 ಲಕ್ಷ!

ಯಾರ ಜೊತೆ ಹೋಲಿಸಬೇಕು?

ಹಳ್ಳಿಯವರ ಆಸ್ತಿಯಲ್ಲಿ ದೊಡ್ಡ ಪಾಲು ಭೂಮಿ. ಹೊಲದ ಪಕ್ಕ ರಸ್ತೆ ಬಂದರೆ ಬೆಲೆ ಏರುತ್ತದೆ. ಅದರಿಂದ ಒಂದು ಸೇರು ಜೋಳ ಹೆಚ್ಚು ಬೆಳೆಯುವುದಿಲ್ಲ. ಜೂನ್‌ನಲ್ಲಿ ಶಾಲೆಯ ಫೀಸು ಕಟ್ಟಲು ಎರಡು ಗುಂಟೆ ಕತ್ತರಿಸಿ ಕೊಡಲೂ ಆಗದು. ಆದ್ದರಿಂದ ಊರವರ ಜೊತೆ ಹೋಲಿಸುವುದಕ್ಕಿಂತ ನಮ್ಮ ಮನೆಯನ್ನು ನಮ್ಮದೇ ಹೋದ ವರ್ಷದ ಜೊತೆ ಹೋಲಿಸುವುದು ಲೇಸು. ಸಾಲ ಇಳಿಯಿತೇ? ಕಷ್ಟಕ್ಕೆಂದು ಕೈಯಲ್ಲಿ ಹಣ ಉಳಿಯಿತೇ?

ಈ ಯುಗಾದಿಗೆ ಒಂದು ಕೆಲಸ ಮಾಡಿ. ಅಜ್ಜ ಹೇಳಲಿ, ಮೊಮ್ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆಯಲಿ. ಎಡಕ್ಕೆ ಇರುವುದು, ಬಲಕ್ಕೆ ಕೊಡಬೇಕಾದದ್ದು, ಕೆಳಗೆ ಉಳಿದದ್ದು, ಪಕ್ಕದಲ್ಲಿ ತಾರೀಖು. ಇದು ಮನೆಯ ಗುಟ್ಟು; ಶಾಲೆಯಲ್ಲಿ ಹೇಳುವುದು ಬೇಡ. ಪುಸ್ತಕವನ್ನು ಪೆಟ್ಟಿಗೆಯಲ್ಲಿಡಿ. ಮುಂದಿನ ಯುಗಾದಿಗೆ ಬೇವುಬೆಲ್ಲ ತಿಂದು ಮತ್ತೆ ತೆರೆಯಿರಿ.

ಮಗು ಮತ್ತೆ “ನಾವು ಬಡವರಾ?” ಎಂದು ಕೇಳಿದರೆ ಅಜ್ಜಿ ಆಗ ಹೇಳಬಹುದು: “ಪುಸ್ತಕ ತಾ ಮಗಾ, ಕೂತು ನೋಡೋಣ.”